ಎಮ್ಮಿ ಹೋದ ಮ್ಯಾಲೆ ಬರೋ ರೊಕ್ಕ

ಅಕ್ಕಾರ, ವೈನಿಯವ್ರ, ಈ ಸಲ ಅಡಗಿ ಬಿಟ್ಟು ದನದ ಮಾತು ಬರೀತೇನಿ. ಹೊಳಿದಂಡಿ ಊರಾಗ ಇರೋವ್ರು ಪೂರ್ತಿ ಓದ್ರಿ.

2019ರ ಆಗಸ್ಟ್‌ದಾಗ ಮಲಪ್ರಭಾ ಹೆಂಗ ಬಂದಿತ್ತು ಅನ್ನೂದು ನಿಮಗೆಲ್ಲಾ ನೆನಪದ. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟರು, ನನ್ನ ತವರೂರಿನ ಕೆಳಗಿನ ಓಣಿ ಮುಳುಗಿಹೋತು. ನಮ್ಮ ವೈನಿ ಎದಿಮಟ ನೀರಾಗ ನಿಂತು ನಾಲ್ಕೂ ಎಮ್ಮಿ ಹಗ್ಗಾ ಕುಡಗೋಲಿಲೆ ಕೊಯ್ದರು. ಎರಡು ಈಜಿ ದಿಬ್ಬಾ ಹತ್ತಿದುವು. ಎರಡು ಹೋದುವು. ಒಂದರ ಹೆಣ ಮೂರನೇ ದಿನ ಕಬ್ಬಿನ ಹೊಲದಾಗ ಸಿಕ್ತು, ಇನ್ನೊಂದು ಸಿಗಲೇ ಇಲ್ಲ.

ಪರಿಹಾರ ಬಂದದ್ದು ಸಿಕ್ಕ ಎಮ್ಮಿಗೆ ಅಷ್ಟ. ಡಾಕ್ಟರು ಹೆಣ ನೋಡಿ ಬರದುಕೊಟ್ಟರು, ತಲಾಟಿ ಪಂಚನಾಮಿ ಮಾಡಿದರು. ಇನ್ನೊಂದಕ್ಕ "ಇತ್ತು ಅನ್ನಾಕ ಏನು ದಾಖಲೆ?" ಅಂದ್ರು. ಹತ್ತು ವರ್ಷ ಹಾಲು ಕೊಟ್ಟ ಎಮ್ಮಿಗೆ ಒಂದು ಫೋಟೋ ಸುದ್ದಾ ಇದ್ದಿಲ್ಲ.

ಅವಾಗ ಹಾಲಿನ ಎಮ್ಮಿಗೆ, ಆಕಳಿಗೆ ಸರಕಾರದ ದರ 30,000 ರೂಪಾಯಿ ಇತ್ತು. 2022ರಾಗ ಕೇಂದ್ರದವ್ರು ಅದನ್ನ 37,500 ಮಾಡಿದರು. ಎತ್ತಿಗೆ 32,000, ಕರುವಿಗೆ 20,000, ಕುರಿ ಆಡಿಗೆ 4,000, ಕೋಳಿಗೆ 100. ಆದ್ರ ಒಂದು ಮನಿಗೆ ದೊಡ್ಡ ಹಾಲಿನ ದನ ಮೂರರ ಮಟ ಅಷ್ಟ ಲೆಕ್ಕ. ಐದು ಹೋದ್ರೂ ಮೂರ. ಚಲೋ ಕರಿಯೋ ಎಮ್ಮಿ ತರಾಕ ಸಂತಿಗೆ ಹೋದವ್ರಿಗೆ ಗೊತ್ತದ, ಈ ರೊಕ್ಕದಾಗ ಅಂಥಾದ್ದು ಬರೂದಿಲ್ಲ.

ಅದೇ 2022ರಾಗ ಚರ್ಮಗಂಟು ರೋಗ ಬಂದಾಗ ನಮ್ಮ ರಾಜ್ಯ ಸರಕಾರ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಅಂತ ಕೊಟ್ಟಿತು. ನೋಡ್ರಿ, ನೀರಾಗ ಹೋದ್ರ ಆಕಳಿಗೆ ಹೆಚ್ಚು, ರೋಗದಾಗ ಹೋದ್ರ ಎತ್ತಿಗೆ ಹೆಚ್ಚು. ಹಾಲು ಕುಡಿಯೋ ಮಕ್ಕಳಿಗೆ ಎರಡೂ ಒಂದ.

ನನಗ ಬ್ಯಾಸರ ಆದದ್ದು ಬ್ಯಾರೆದ. ರೊಕ್ಕ ಬಂದದ್ದು ಅಣ್ಣನ ಖಾತೆಗೆ. ಸಗಣಿ ಬಳದು, ಹಿಂಡಿ ಕಲಿಸಿ, ಹಾಲು ಕರದು ಡೇರಿಗೆ ಹಾಕಿದಾಕಿ ವೈನಿ. ವಾರದ ಹಾಲಿನ ರೊಕ್ಕ ಅವರ ಸೆರಗಿನ ಗಂಟು ಆಗಿತ್ತು. ಮಗಳ ಫೀಜು, ಚಾಪುಡಿ, ಬಳಿ, ಎಲ್ಲಾ ಅದರಾಗ. ಪರಿಹಾರದ ರೊಕ್ಕ ಗ್ವಾಡಿ ಕಟ್ಟೂದಕ್ಕ ಹೋತು. ಅಣ್ಣನ್ನ ಬೈಯಾಕ ಬರೂದಿಲ್ಲ, ಗ್ವಾಡಿನೂ ಬಿದ್ದಿತ್ತು. ಆದ್ರ ವೈನಿ ಮುಂದ ಎರಡು ವರ್ಷ ಹತ್ತು ರೂಪಾಯಿಗೂ ಕೈ ಚಾಚಬೇಕಾತು. ಆ ನಷ್ಟ ಯಾವ ಪಂಚನಾಮಿಯೊಳಗೂ ಬರಲಿಲ್ಲ.

ಅದಕ್ಕ ಹೇಳತೇನಿ. ಕಾಲುಬಾಯಿ ಬ್ಯಾನಿ ಲಸಿಕಿ ಹಾಕಾಕ ಬಂದಾಗ ಕಿವಿಗೆ ಹಳದಿ ಬಿಲ್ಲೆ ಹಾಕಸ್ಕೋರಿ. "ಕಿವಿ ಬ್ಯಾನಿ ಆಗತದ" ಅಂತ ದನಾ ಮುಚ್ಚಿಡಬ್ಯಾಡ್ರಿ. ಅದರ ಮ್ಯಾಲಿನ 12 ಅಂಕಿ ನಂಬರ ಪಡಿತರ ಚೀಟಿ ಹಿಂದ ಬರದಿಡ್ರಿ. ಬಿಲ್ಲೆ ಕಾಣೂಹಂಗ ದನದ ಜೋಡಿ ನೀವೂ ನಿಂತು ಫೋಟೋ ತಗಸ್ರಿ, ಊರ ಹೊರಗಿರೋ ಮಗಳಿಗೆ ಕಳಸ್ರಿ. ಮನಿ ಮುಳುಗಿದ್ರೂ ಆಕಿ ಫೋನಿನ್ಯಾಗ ಉಳಿತದ. ದನ ಸತ್ತರ ಡಾಕ್ಟರು ನೋಡೂಮಟ ಹುಗೀಬ್ಯಾಡ್ರಿ. ಜಡ್ಡಾದ್ರ 1962ಕ್ಕ ಫೋನ್ ಹಚ್ಚರಿ, ಗಾಡಿ ಮನಿಮಟ ಬರತದ. ಡೇರಿ ಪುಸ್ತಕಾ ನಿಮ್ಮ ಹೆಸರಿಲೆ ಇರಲಿ, ಬಿಲ್ಲೆ ಹಾಕೂಮುಂದ ಮಾಲಕರ ಹೆಸರೂ ನಿಮ್ಮದ ಬರಸ್ರಿ. ಗಂಡಂದ್ರು ಸಿಟ್ಟಾಗೂದಿಲ್ಲ. ಆದ್ರೂ ಒಂದು ದಿನದ್ದು. ಹಾಲಿನ ರೊಕ್ಕ ವರ್ಷಪೂರ್ತಿದು.