ದುರಸ್ತಿಗೆ ಮೀರಿದ್ದು

ಸರ್ಕಾರಿ ಕಡತಗಳಲ್ಲಿ ಮೂರಕ್ಷರದ ಒಂದು ತೀರ್ಪಿದೆ: ಬಿ.ಇ.ಆರ್. ಬಿಯಾಂಡ್ ಎಕನಾಮಿಕಲ್ ರಿಪೇರಿ, ಅಂದರೆ ದುರಸ್ತಿ ಮಾಡಿಸಿದರೆ ಲೆಕ್ಕಕ್ಕೆ ಗಿಟ್ಟದ ವಸ್ತು. ಸೇನೆಯಲ್ಲಾಗಲಿ ಸಿವಿಲ್ ಕಚೇರಿಯಲ್ಲಾಗಲಿ, ಈ ಮೂರಕ್ಷರ ಬಿದ್ದ ಯಂತ್ರ ಹರಾಜಿನ ಅಂಗಳ ಸೇರುತ್ತದೆ. ಇಂಗ್ಲಿಷ್ ಎಂ.ಎ. ಮುಗಿಸಿ ಕೇಂದ್ರ ಸರ್ಕಾರದ ನೌಕರಿಗೆ ಬಂದ ನಮ್ಮನ್ನು ಆ ಮಾತಿನಲ್ಲಿ ಹೆಚ್ಚು ಕಾಡಿದ್ದು ನಡುವಿನ ಪದ. ದುರಸ್ತಿಗೆ ಮೀರಿದ್ದು ಬೇರೆ, ಲೆಕ್ಕಕ್ಕೆ ಮೀರಿದ್ದು ಬೇರೆ. ಲೆಕ್ಕ ಹಾಕಿದವರು ಏನನ್ನು ಎಣಿಸಿದರು, ಏನನ್ನು ಬಿಟ್ಟರು ಎಂಬುದರ ಮೇಲೆ ಆ ತೀರ್ಪು ನಿಂತಿರುತ್ತದೆ.

ಸಿಕಂದರಾಬಾದಿನ ಹೊರವಲಯದ ನಮ್ಮ ಕಚೇರಿಯ ಹಿಂಭಾಗದಲ್ಲಿ ಸೇನೆಯಿಂದ ಬಂದ ಹಳೆಯ ಡೀಸೆಲ್ ಜನರೇಟರ್ ಒಂದಿದೆ. ಎರಡು ಗಾಲಿಯ ಟ್ರೇಲರಿನ ಮೇಲೆ ಕುಳಿತ, ಹಸಿರು ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದ ಯಂತ್ರ. ಬೀಜದ ಮಾದರಿಗಳನ್ನು ಕಾಪಿಡುವ ಶೀತಲ ಕೋಣೆಗೆ ಕರೆಂಟು ಹೋದಾಗ ಅದೇ ಆಸರೆ. ಎರಡು ಮಳೆಗಾಲ ಅದನ್ನು ಓಡಿಸುವ ಪ್ರಮೇಯ ಬರಲಿಲ್ಲ. ಬೇಕಾದಾಗ ಅದು ಹೊತ್ತಿಕೊಂಡು ಒಂದು ನಿಮಿಷ ಗುಡುಗಿ ಸುಮ್ಮನಾಯಿತು. ಹೊರಗಿನಿಂದ ಬಂದ ಮೆಕ್ಯಾನಿಕ್ ಒಬ್ಬರು ಅರ್ಧ ಗಂಟೆ ನೋಡಿ ವರದಿ ಬರೆದರು: ಇಂಜಿನ್ ಸವೆದಿದೆ, ಆಲ್ಟರ್ನೇಟರ್ ಸುಟ್ಟಿದೆ. ಆ ವರದಿಯ ಆಧಾರದ ಮೇಲೆ ಸಿದ್ಧವಾದ ಬಿ.ಇ.ಆರ್. ಪತ್ರ ಮೂವರ ಸಮಿತಿಯ ಮುಂದೆ ಬಂತು. ಆ ಮೂವರಲ್ಲಿ ನಾವೂ ಒಬ್ಬರು.

ಪತ್ರದಲ್ಲಿ ಕಾಣದ ಇನ್ನೊಂದು ಸಂಗತಿಯಿತ್ತು. ಜನರೇಟರ್ ನೋಡಿಕೊಳ್ಳಲು ನಮ್ಮಲ್ಲಿ ಗುತ್ತಿಗೆಯ ಮೇಲೆ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಬಾಗಲಕೋಟೆ ಕಡೆಯವರು, ಸೇನೆಯ ಇ.ಎಂ.ಇ. ದಳದಲ್ಲಿ ದುಡಿದವರು. 1943ರಲ್ಲಿ ರೂಪುಗೊಂಡ ಈ ದಳದ ಕೆಲಸವೇ ಸೇನೆಯ ಯಂತ್ರಗಳ ದುರಸ್ತಿ. ಅದರ ತರಬೇತಿ ಕೇಂದ್ರ ಇರುವುದು ಸಿಕಂದರಾಬಾದಿನಲ್ಲಿಯೇ. ಕಲಿತ ಊರಿನಲ್ಲೇ ಅವರು ನೆಲೆಸಿದ್ದಾರೆ. ಮಗಳು ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ಹೊಸ ಜನರೇಟರ್ ಬಂದರೆ ಅದರ ನಿರ್ವಹಣೆಯೂ ಮಾರುವ ಕಂಪನಿಯದ್ದೇ ಆಗುತ್ತದೆ. ಯಂತ್ರದ ಮೇಲೆ ಬೀಳುವ ಮೂರಕ್ಷರ ಅವರ ಮೇಲೂ ಬೀಳುತ್ತಿತ್ತು.

ಆದರೆ ಅವರು ತಮ್ಮ ಕೆಲಸದ ಮಾತೆತ್ತಲಿಲ್ಲ. "ಸಾಹೇಬ್ರ, ಸತ್ತೈತಿ ಅನ್ನೂಕಿಂತ ಮೊದ್ಲ ನಾಡಿ ಹಿಡದು ನೋಡಬೇಕಲ್ರಿ," ಎಂದರಷ್ಟೆ. ಸಹಿಗೆ ಮುನ್ನ ಒಂದು ವಾರದ ಅವಧಿಯನ್ನು ಸಮಿತಿಯಿಂದ ನಾವು ಕೇಳಿ ಪಡೆದೆವು.

ಮೊದಲ ದಿನ ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಕೊನೆಗೆ ಓಡಿದ್ದು ಯಾವಾಗ, ಡೀಸೆಲ್ ತುಂಬಿಸಿದ್ದು ಯಾವಾಗ ಎಂದು ಲಾಗ್ ಪುಸ್ತಕ ತಿರುವಿದರು. ಡಿಪ್‌ಸ್ಟಿಕ್ ಎಳೆದು ಎಣ್ಣೆಯನ್ನು ಬೆರಳಿನಲ್ಲಿ ತಿಕ್ಕಿ ಮೂಸಿದರು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಡೀಸೆಲ್ ವಾಸನೆ ಬಂದರೆ ಇಂಧನ ಕೆಳಗಿಳಿದಿದೆ. ಎರಡೂ ಇರಲಿಲ್ಲ. ಬಳಿಕ ಟ್ಯಾಂಕಿನ ತಳದ ತಿರುಪು ಬಿಚ್ಚಿದರು. ಮೊದಲು ಬಂದದ್ದು ನೀರು, ಆಮೇಲೆ ಕಪ್ಪು ಲೋಳೆ. ಬಹುಕಾಲ ನಿಂತ ಟ್ಯಾಂಕಿನಲ್ಲಿ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರನ್ನು ಕಟ್ಟಿಬಿಡುತ್ತವೆ. ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಕೈಪಂಪು ಒತ್ತುತ್ತ ಪೈಪಿನೊಳಗಿನ ಗಾಳಿಯನ್ನು ನೊರೆ ನಿಲ್ಲುವವರೆಗೆ ಹೊರಗೆ ಬಿಟ್ಟರು. ಇಂಜಿನ್ ಹೊತ್ತಿಕೊಂಡಿತು. ಎರಡು ನಿಮಿಷಕ್ಕೆ ಮತ್ತೆ ನಿಂತಿತು.

ಕೈಚೆಲ್ಲುವುದಕ್ಕೆ ಇದೇ ಸಾಕಿತ್ತು. ಅವರು ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿ ಎತ್ತರಕ್ಕೆ ಕಟ್ಟಿ, ಹೊಸ ಕೊಳವೆಯೊಂದರಿಂದ ನೇರವಾಗಿ ಪಂಪಿಗೆ ಜೋಡಿಸಿದರು. ಈಗ ಇಂಜಿನ್ ನಿಲ್ಲದೆ ಓಡಿತು. ಅಲ್ಲಿಗೆ ಸಂದೇಹದ ಅರ್ಧ ಭಾಗ ಕಳಚಿತು: ದೋಷ ಇಂಜಿನ್ನಿನಲ್ಲಿಲ್ಲ, ಟ್ಯಾಂಕಿಗೂ ಪಂಪಿಗೂ ನಡುವೆ ಇದೆ. ಅಲ್ಲಿನ ಹಳೆಯ ರಬ್ಬರ್ ಕೊಳವೆ ಗಡುಸಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. "ಡೀಸೆಲ್ ಹೊರಗ ಸೋರಲಿಲ್ಲ ಅಂದ್ರ ಗಾಳಿ ಒಳಗ ಬರೂದಿಲ್ಲ ಅಂತೇನಿಲ್ರಿ," ಎಂದರು. ಪಂಪು ಎಳೆಯುವ ಕಡೆಯ ಪೈಪು ಒಡೆದರೆ ಹನಿ ಬೀಳುವುದಿಲ್ಲ, ಗಾಳಿ ಸೇರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಇಂಜಿನ್ ಓಡುತ್ತಿದ್ದಾಗಲೇ ಎಣ್ಣೆ ತುಂಬುವ ಮುಚ್ಚಳ ತೆಗೆದು ತೋರಿಸಿದರು. ಪಿಸ್ಟನ್ ರಿಂಗುಗಳು ಸವೆದಿದ್ದರೆ ಅಲ್ಲಿಂದ ಹೊಗೆ ಬುಸುಗುಟ್ಟಬೇಕು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಏಳಬೇಕು. ಎರಡೂ ಕಾಣಲಿಲ್ಲ. ವರದಿಯ ಮೊದಲ ವಾಕ್ಯ ಬಿದ್ದುಹೋಯಿತು.

ಎರಡನೆಯದು ಆಲ್ಟರ್ನೇಟರ್. ನಾಲ್ಕು ಧ್ರುವಗಳ ಯಂತ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಸ್ ವಿದ್ಯುತ್ ಬರಬೇಕು. ಸುತ್ತು ಸರಿಯಾಗಿತ್ತು, ವೋಲ್ಟ್‌ಮೀಟರಿನ ಮುಳ್ಳು ಸೊನ್ನೆಯಲ್ಲಿತ್ತು. ಅವರು ಯಂತ್ರ ನಿಲ್ಲಿಸಿ ಮೂರು ಫೇಸಿನ ಸುರುಳಿಗಳ ರೋಧವನ್ನು ಅಳೆದರು. ಮೂರೂ ಸಮನಾಗಿದ್ದವು, ಸುಟ್ಟ ಸುರುಳಿ ಹಾಗೆ ಸಮನಾಗಿ ಉಳಿಯುವುದು ಅಪರೂಪ. ಮೆಗ್ಗರಿನಲ್ಲಿ ನಿರೋಧನ ತೀರ ಕಡಿಮೆ ತೋರಿಸಿತು. ಸುರುಳಿಗಳ ಬಳಿ ದೊಡ್ಡ ಬಲ್ಬುಗಳನ್ನು ಎರಡು ದಿನ ಉರಿಸಿಟ್ಟರು. ಅಂಕಿ ದಿನದಿನಕ್ಕೆ ಏರಿತು. ಆದದ್ದು ತೇವ ಅಷ್ಟೆ.

ಆದರೂ ವಿದ್ಯುತ್ ಹುಟ್ಟಲಿಲ್ಲ. ಇಂಥ ಆಲ್ಟರ್ನೇಟರ್ ತನ್ನ ಕಬ್ಬಿಣದಲ್ಲಿ ಉಳಿದ ಅಲ್ಪ ಕಾಂತಶಕ್ತಿಯಿಂದ ಆರಂಭಿಸಿ, ತಾನು ಹುಟ್ಟಿಸಿದ ವಿದ್ಯುತ್ತಿನಿಂದಲೇ ಆ ಕಾಂತವನ್ನು ಬೆಳೆಸಿಕೊಳ್ಳುತ್ತದೆ. ಬಹಳ ದಿನ ಸುಮ್ಮನಿದ್ದರೆ ಆ ಉಳಿಕೆಯೂ ಮಾಸಬಹುದು. ಹವಾಲ್ದಾರರು ವೋಲ್ಟೇಜ್ ನಿಯಂತ್ರಕದ ತಂತಿ ಕಳಚಿ, ಧನ ಋಣಗಳನ್ನು ಎರಡು ಬಾರಿ ನೋಡಿ, 12 ವೋಲ್ಟಿನ ಬ್ಯಾಟರಿಯನ್ನು ಕ್ಷೇತ್ರಸುರುಳಿಗೆ ಕೆಲವು ಕ್ಷಣ ಮುಟ್ಟಿಸಿದರು. ತಂತಿ ಮತ್ತೆ ಜೋಡಿಸಿ ಇಂಜಿನ್ ಓಡಿಸಿದಾಗ ಮುಳ್ಳು ನಿಧಾನವಾಗಿ ಎದ್ದು 415ರಲ್ಲಿ ನಿಂತಿತು.

ಕೇಂಬ್ರಿಜ್ಜಿನ ಐ.ಎ. ರಿಚರ್ಡ್ಸ್ 1929ರ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಗ್ರಂಥದಲ್ಲಿ, ಕವಿಯ ಹೆಸರಿಲ್ಲದ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಅವರ ಪ್ರತಿಕ್ರಿಯೆಗಳನ್ನು ಪರೀಕ್ಷಿಸಿದ. ಹಲವರು ಪುಟದಲ್ಲಿದ್ದುದನ್ನು ಓದುವ ಬದಲು, ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದ ಮಾತನ್ನು ಬರೆದಿದ್ದರು. ಎಂ.ಎ. ತರಗತಿಯಲ್ಲಿ ಪರೀಕ್ಷೆಗೆಂದು ಓದಿದ ಆ ಪಾಠ ನಮಗೆ ಆ ವಾರ ಅರ್ಥವಾಯಿತು. ಹಳೆಯ ಯಂತ್ರ ನಿಂತರೆ "ಸವೆದಿದೆ" ಎನ್ನುವುದು ಅಂಥದೇ ಸಿದ್ಧ ಉತ್ತರ. ಹವಾಲ್ದಾರರು ಮಾಡಿದ್ದು ಓದು: ಒಂದು ಲಕ್ಷಣ, ಒಂದು ಪರೀಕ್ಷೆ, ಒಂದು ಸಾಧ್ಯತೆಯ ನಿರಾಕರಣೆ, ಮತ್ತೆ ಮುಂದಿನದು.

ಹಳೆಯದೆಲ್ಲ ಉಳಿಯಬೇಕೆಂಬ ವಾದ ನಮ್ಮದಲ್ಲ. ಹಳೆಯ ಇಂಜಿನ್ ಹೆಚ್ಚು ಹೊಗೆಯುಗುಳುತ್ತದೆ. 2023ರ ಜುಲೈನಿಂದ ಹೊಸ ಜನರೇಟರುಗಳಿಗೆ ಬಿಗಿಯಾದ ಮಾಲಿನ್ಯ ನಿಯಮ ಬಂದಿರುವುದು ನ್ಯಾಯವೇ. ಒಂದು ದಿನ ನಮ್ಮ ಹಸಿರು ಯಂತ್ರವೂ ಹೋಗುತ್ತದೆ. ಹೋಗುವಾಗ ನಿಜವಾದ ಕಾರಣಕ್ಕೆ ಹೋಗಲಿ ಎಂಬುದಷ್ಟೇ ನಮ್ಮ ಮಾತು.

ಸಮಿತಿ ಬಿ.ಇ.ಆರ್. ಪತ್ರವನ್ನು ಹಿಂದಿರುಗಿಸಿತು. ಖರ್ಚಾದದ್ದು ಕೊಳವೆ, ಫಿಲ್ಟರ್, ಒಂದಿಷ್ಟು ಡೀಸೆಲ್. ಹವಾಲ್ದಾರರ ಗುತ್ತಿಗೆ ಒಂದು ವರ್ಷಕ್ಕೆ ಮುಂದುವರಿಯಿತು, ಒಂದೇ ವರ್ಷಕ್ಕೆ. ಈಗ ತಿಂಗಳಿಗೊಮ್ಮೆ ಜನರೇಟರನ್ನು ಅರ್ಧ ಗಂಟೆ ಭಾರ ಹಾಕಿಯೇ ಓಡಿಸುತ್ತಾರೆ. ಖಾಲಿ ಓಡಿಸಿದರೆ ಪೂರ್ತಿ ಉರಿಯದ ಇಂಧನ ಮಸಿಯಾಗಿ ಕೂರುತ್ತದಂತೆ. ಕಚೇರಿಯ ಕಿರಿಯ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದಾನೆ. ಅವರು ಹೇಳುವುದನ್ನು ಲಕ್ಷಣ, ಪರೀಕ್ಷೆ, ಪರಿಹಾರ ಎಂಬ ಮೂರು ಕಲಮಿನಲ್ಲಿ ನಾವು ಬರೆದಿಡುತ್ತಿದ್ದೇವೆ. ಸರ್ಕಾರಿ ನಮೂನೆಯಲ್ಲಿ ಯಂತ್ರದ ಬೆಲೆಗೆ ಕಲಮಿದೆ, ಬಿಡಿಭಾಗಕ್ಕೆ ಇದೆ, ಬಲ್ಲವರ ತಿಳಿವಳಿಕೆಗೆ ಇಲ್ಲ. ಬರುವ ಮಾರ್ಚಿನಲ್ಲಿ ಗುತ್ತಿಗೆಯ ಕಡತ ಮತ್ತೆ ಮೇಜಿಗೆ ಬಂದಾಗ ಈ ಪುಟಗಳನ್ನು ಅನುಬಂಧವಾಗಿ ಲಗತ್ತಿಸಬೇಕೆಂದಿದ್ದೇವೆ.