ಸಾಸಿವೆ ಕಾಳಿನಷ್ಟು ಭೂಮಿ

ಮನೆ ಲೆಕ್ಕ, ಭಾಗ 6

ನಿಮ್ಮ ಸ್ಕೂಲ್ ಪ್ರಾಜೆಕ್ಟ್‌ಗಳನ್ನ ನಿಜವಾಗ್ಲೂ ಮಾಡಿದ್ದು ಯಾರು? ಸುಳ್ಳು ಹೇಳ್ಬೇಡಿ. ಥರ್ಮಾಕೋಲ್ ಕೊಯ್ದಿದ್ದು ಅಪ್ಪ, ಬಣ್ಣ ಹಚ್ಚಿದ್ದು ಅಕ್ಕ, ಲೇಬಲ್ ಅಂಟಿಸಿದ್ದು ಅಮ್ಮ. ಹೆಸರು ಮಾತ್ರ ನಿಮ್ದು. ಅಲ್ವಾ?

ನಮ್ಮಪ್ಪ ಬೋರ್ಡ್ ಬರೆಯೋ ಆರ್ಟಿಸ್ಟ್. ದಾರಕ್ಕೆ ಚಾಕ್‌ಪೀಸ್ ಬಳಿದು ಗೆರೆ ಹಾಕಿ, ಎನಾಮಲ್ ಪೇಂಟಲ್ಲಿ ಅಂಗಡಿ ಹೆಸರು ಬರೀತಿದ್ರು. ಆಮೇಲೆ ಫ್ಲೆಕ್ಸ್ ಬಂತು. ಅಪ್ಪನಿಗೆ ಎರಡು ದಿನದ ಕೆಲಸ, ಮಷೀನಿಗೆ ಕೆಲವೇ ನಿಮಿಷ. ಬಿಕಾಂನವರಿಗೆ ಈ ಕಾಸ್ಟ್ ಶೀಟ್ ಬಿಡಿಸಿ ಹೇಳ್ಬೇಕಾಗಿಲ್ಲ. ಈಗ ಅಪ್ಪನಿಗೆ ಸಿಗೋದು ಗೋಡೆಗೆ ಬಣ್ಣ ಹೊಡೆಯೋ ಕೆಲಸ ಅಷ್ಟೆ.

ಹಾಗಾಗಿ ಐದನೇ ಕ್ಲಾಸಿನ ನನ್ನ ತಮ್ಮ ‘ಸೌರಮಂಡಲ ಮಾಡ್ಕೊಂಡು ಬರ್ಬೇಕಂತೆ’ ಅಂದಾಗ ಅಪ್ಪನ ಮುಖ ಯಾಕೆ ಅರಳ್ತು ಅಂತ ನಿಮಗೆ ಅರ್ಥ ಆಗುತ್ತೆ. ಮೂರು ರಾತ್ರಿ ಕೂತು ಮಾಡಿದ್ರು. ಗುರುವಿಗೆ ಪಟ್ಟೆ, ಶನಿಗೆ ಬಳೆ, ಭೂಮಿ ಮೇಲೆ ಹಿಂದೂ ಮಹಾಸಾಗರ. ತಮ್ಮನ ಪಾಲಿಗೆ ಬಂದಿದ್ದು ಬ್ರಷ್ ತೊಳೆಯೋ ಕೆಲಸ.

ಮುಗಿದ ಮೇಲೆ ಅವನು ಕೇಳಿದ್ದು ಎರಡೇ ಪ್ರಶ್ನೆ. ‘ಅಪ್ಪ, ಗ್ರಹ ಎಂಟಲ್ವಾ? ಇಲ್ಲಿ ಒಂಬತ್ತಿದೆ.’ ಅಪ್ಪ ಓದುವಾಗ ಒಂಬತ್ತೇ ಇದ್ದಿದ್ದು. 2006ರಲ್ಲಿ ಪ್ಲೂಟೊ ಕುಬ್ಜಗ್ರಹಗಳ ಪಟ್ಟಿಗೆ ಹೋಗಿದ್ದು ಅಪ್ಪನವರೆಗೂ ಬಂದಿರ್ಲಿಲ್ಲ. ಎರಡನೇದು, ‘ಸೂರ್ಯನ ಪಕ್ಕ ಭೂಮಿ ಇಷ್ಟು ದೊಡ್ಡದಿರುತ್ತಾ?’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, ‘ಸರಿ ಮಗ, ನೀನೇ ಲೆಕ್ಕ ಹಾಕು’ ಅಂದ್ರು.

ಹಾಕ್ದ. ಸೂರ್ಯನ ಅಡ್ಡಗಲಕ್ಕೆ ಸುಮಾರು 109 ಭೂಮಿ ಸಾಲಾಗಿ ನಿಲ್ಲುತ್ತವೆ. ಸೂರ್ಯ 22 ಸೆಂಟಿಮೀಟರಿನ ಫುಟ್ಬಾಲ್ ಆದ್ರೆ ಭೂಮಿ 2 ಮಿಲಿಮೀಟರ್, ಅಂದ್ರೆ ಒಂದು ಸಾಸಿವೆ ಕಾಳು. ಅದು ಇರ್ಬೇಕಾದ್ದು ಸುಮಾರು 24 ಮೀಟರ್ ದೂರದಲ್ಲಿ. ಗುರು ಒಂದು ಅಡಿಕೆಯಷ್ಟು, ಹೆಚ್ಚುಕಡಿಮೆ 120 ಮೀಟರ್ ಆಚೆ!

ಭಾನುವಾರ ಬೀದೀಲಿ ಅಳತೆ ಶುರುವಾಯ್ತು. ಫುಟ್ಬಾಲ್ ಹತ್ರ ಅಪ್ಪ ತಮ್ಮ ಗೆರೆ ಹಾಕೋ ದಾರದ ತುದಿ ಹಿಡಿದು ನಿಂತ್ರು. ಉಂಡೆ ಬಿಚ್ಚುತ್ತಾ ಓಡಿದ್ದು ತಮ್ಮ. ಗುರುಗ್ರಹ ನಮ್ಮ ಬೀದೀಲಿ ಹಿಡಿಸ್ಲೇ ಇಲ್ಲ, ತಿರುವು ದಾಟಿ ಹೋಯ್ತು. ಸಾಸಿವೆ ಅಂಟಿಸಿದ ಬಿಳಿ ಹಾಳೆ ಮೇಲೆ ತಮ್ಮ ‘ಭೂಮಿ’ ಅಂತ ಸೊಟ್ಟಗೆ ಬರೆದಿದ್ದ. ಅಪ್ಪನ ಕೈ ಸ್ಕೆಚ್ ಪೆನ್ನಿನವರೆಗೂ ಹೋಗಿ ವಾಪಸ್ ಬಂದಿದ್ದನ್ನ ನಾನು ನೋಡಿದೆ.

ಊರಿಗೆಲ್ಲ ಅಕ್ಷರ ಬರೆದ ಕೈ ಅದು. ಸುಮ್ಮನಿರೋದು ಅದಕ್ಕೆ ಎಷ್ಟು ಕಷ್ಟ ಯೋಚನೆ ಮಾಡಿ.

ರಾತ್ರಿ ಊಟದ ಹೊತ್ತಿಗೆ ಅಪ್ಪ ಅಂದ್ರು: ‘ಇಷ್ಟು ವರ್ಷ ಗಿರಾಕೀನ ಕೇಳದೆ ಒಂದು ಅಕ್ಷರಾನೂ ಬರೆದಿಲ್ಲ. ಮನೇಲಿರೋ ಗಿರಾಕೀನ ಕೇಳೋದೇ ಮರೆತಿದ್ದೆ ನೋಡು.’

ಸ್ಕೂಲಿಗೆ ಹೋಗಿದ್ದು ಸಾಸಿವೆ, ಅಡಿಕೆ, ದಾರ. ಅಪ್ಪನ ಸೌರಮಂಡಲ ನಮ್ಮ ಹಾಲಲ್ಲಿ ತೂಗ್ತಿದೆ, ಒಂಬತ್ತು ಗ್ರಹಗಳ ಸಮೇತ. ಈಗ ತಮ್ಮನೇ ಬಂದು, ‘ಅಕ್ಷರ ದುಂಡಗೆ ಬರೆಯೋದು ಹೆಂಗಪ್ಪ?’ ಅಂತ ಕೇಳ್ತಾನೆ. ಕೇಳಿದ ಮೇಲೆ ಹೇಳಿಕೊಡೋದು ಬೇರೆ, ಕೇಳೋ ಮೊದಲೇ ಪೆನ್ ಕಿತ್ಕೊಳ್ಳೋದು ಬೇರೆ.

ನಿಮ್ಮ ಮನೆಯ ಚಿಕ್ಕೋರು ನಾಳೆ ಚಾರ್ಟ್ ಪೇಪರ್ ಹಿಡ್ಕೊಂಡು ಬರ್ತಾರೆ. ಕತ್ತರಿ ತಗೊಳ್ಳೋ ಮೊದಲು, ‘ನೀನೇನ್ ಮಾಡ್ಬೇಕು ಅಂತಿದ್ದೀಯ?’ ಅಂತ ಕೇಳಿ. ಆಮೇಲೆ ದಾರದ ಒಂದು ತುದಿ ಹಿಡ್ಕೊಂಡು ನಿಂತ್ಕೊಳ್ಳಿ, ಸಾಕು.

ನಿಮ್ಮ ಪ್ರಾಜೆಕ್ಟ್‌ಗಳ ಅಸಲಿ ಕಲಾವಿದರು ಯಾರು? ಕಾಮೆಂಟಲ್ಲಿ ಅವರನ್ನ ಟ್ಯಾಗ್ ಮಾಡಿ.