ನಾಗಮಂಗಲದ ನಲವತ್ತೆರಡು ದಿನಗಳು

ಬೆಂಗಳೂರಿನಿಂದ ಹಾಸನದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್ ಸಮೀಪಿಸಿದಂತೆ ಬಂಡೆಗಳ ನಡುವೆ ಆದಿಚುಂಚನಗಿರಿ ತಲೆಯೆತ್ತಿ ನಿಲ್ಲುತ್ತದೆ. ಅದು ಕಾಲಭೈರವೇಶ್ವರನ ಕ್ಷೇತ್ರ, ನವಿಲುಗಳ ಬೀಡು. ಅಲ್ಲಿಂದ ದಕ್ಷಿಣಕ್ಕೆ ಹೊರಳಿದರೆ ಸುಮಾರು ೨೦ ಕಿಲೋಮೀಟರ್ ದೂರದಲ್ಲಿ ನಾಗಮಂಗಲ. ಹೊಯ್ಸಳರ ಕಾಲದ ಸೌಮ್ಯಕೇಶವನನ್ನೂ ಕಂಬದಹಳ್ಳಿಯ ಪಂಚಕೂಟ ಬಸದಿಯನ್ನೂ ನೋಡಿ ಪ್ರವಾಸಿಗರು ಹಿಂದಿರುಗುವುದು ವಾಡಿಕೆ. ಮಂಡ್ಯ ಜಿಲ್ಲೆಯೆಂದರೆ ಕಬ್ಬು, ಭತ್ತ, ಕಾಲುವೆ ಎಂದು ಭಾವಿಸಿದವರಿಗೆ ಈ ತಾಲ್ಲೂಕು ಬೇರೊಂದು ಮುಖವನ್ನು ತೋರುತ್ತದೆ. ರಾಗಿ, ಹುರುಳಿ, ತೆಂಗು. ಬಹುಪಾಲು ಮಳೆಯನ್ನೇ ನಂಬಿದ ಹೊಲಗಳು.

ಈ ಒಣನೆಲದಲ್ಲಿ, ಬಾಲಗಂಗಾಧರನಾಥ ಸ್ವಾಮಿಗಳ ಪ್ರಯತ್ನದಿಂದ, ೧೯೮೬ರಲ್ಲಿ ವೈದ್ಯಕೀಯ ವಿದ್ಯಾಲಯವೊಂದು ತಲೆಯೆತ್ತಿತು. ಅದರ ಬಳಿಯಲ್ಲಿ ಶುಶ್ರೂಷಾ ಶಿಕ್ಷಣವೂ ಬೇರೂರಿತು. ದಾದಿಯಾಗಬೇಕಾದ ವಿದ್ಯಾರ್ಥಿನಿ ಆಸ್ಪತ್ರೆಯ ವಾರ್ಡಿನಲ್ಲಿ ಕಲಿತರೆ ಸಾಲದು. ಹಳ್ಳಿಯ ಮನೆಗಳಿಗೂ ಹೋಗಿ ಕಲಿಯಬೇಕೆಂಬುದು ಪಠ್ಯಕ್ರಮದ ನಿಯಮ.

ಆ ಕಲಿಕೆಯ ಮೊದಲ ಪಾಠ ಚೀಲದ್ದು. ಮನೆಯೊಳಗೆ ಬಂದವಳು ಮೊದಲು ಹಳೆಯ ವೃತ್ತಪತ್ರಿಕೆಯನ್ನು ಹಾಸಿ ಅದರ ಮೇಲೆ ಚೀಲವನ್ನಿಡಬೇಕು. ಸಾಬೂನನ್ನೂ ವಸ್ತ್ರವನ್ನೂ ತೆಗೆದು ಕೈ ತೊಳೆದುಕೊಳ್ಳಬೇಕು. ಅನಂತರವೇ ಉಷ್ಣಮಾಪಕಕ್ಕೆ ಕೈ ಹಾಕಬೇಕು. ನೋಡುವವರಿಗೆ ಇದು ಮಡಿಯಂತೆ ತೋರಬಹುದು. ಒಂದು ಮನೆಯ ಸೋಂಕು ಮತ್ತೊಂದು ಮನೆಗೆ ದಾಟದಿರಲೆಂಬುದೇ ಇದರ ಗುಟ್ಟು.

ಎರಡನೆಯ ಪಾಠ ಇನ್ನೂ ಕಠಿನ. ಶೀತವಾದೀತೆಂದು ಬಾಣಂತಿಗೆ ನೀರನ್ನೇ ಕೊಡದ ಅಜ್ಜಿಯರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಂಟು. ಅವರನ್ನು ಗದರಿಸಿದರೆ ಬಾಗಿಲು ಮುಚ್ಚುತ್ತದೆ. "ಜೀರಿಗೆ ಹಾಕಿ ಕುದಿಸಿದ ನೀರನ್ನು ಬೆಚ್ಚಗೆ ಕೊಡಿ, ಅಜ್ಜಿ" ಎಂದರೆ ಅಜ್ಜಿಯ ಮಾನವೂ ಉಳಿಯುತ್ತದೆ, ಬಾಣಂತಿಯ ದಾಹವೂ ತೀರುತ್ತದೆ. ಇದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು.

ಹೊರದೇಶಗಳ ಶುಶ್ರೂಷಾ ವಿದ್ಯಾರ್ಥಿಗಳು ಎರಡು ಮೂರು ವಾರಗಳ ಸೇವೆಗೆಂದು ದೂರದ ಹಳ್ಳಿಗಳ ಚಿಕಿತ್ಸಾಲಯಗಳಿಗೆ ಹೋಗುವ ಪದ್ಧತಿ ಈಗ ಜಗತ್ತಿನಲ್ಲೆಲ್ಲ ಬೆಳೆದಿದೆ. ಕರ್ನಾಟಕಕ್ಕೂ ಇಂಥ ಅತಿಥಿಗಳು ಹೊಸಬರಲ್ಲ. ಮೈಸೂರಿನ ವೈದ್ಯವಿದ್ಯಾರ್ಥಿಗಳು ೧೯೮೪ರಲ್ಲಿ ಆರಂಭಿಸಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಬೆಳೆಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಗೆ ವಿದೇಶಗಳ ವಿದ್ಯಾರ್ಥಿಗಳು ಬಂದು ಕಲಿತು ಹೋಗಿದ್ದಾರೆ. ಅವರ ಸದ್ಭಾವವನ್ನು ಶಂಕಿಸಬೇಕಾಗಿಲ್ಲ. ಆದರೆ ಒಂದು ಸಣ್ಣ ಲೆಕ್ಕವನ್ನು ವಾಚಕರು ಗಮನಿಸಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವನ್ನು ಆಶಾ ಕಾರ್ಯಕರ್ತೆ ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನ ಮನೆಗೇ ಹೋಗಿ ನೋಡಬೇಕು. ತೂಗಬೇಕು, ಮೈ ಬಿಸಿ ನೋಡಬೇಕು, ಹಾಲು ಕುಡಿಯುವ ಬಗೆಯನ್ನು ವಿಚಾರಿಸಬೇಕು. ಮೂರು ವಾರದ ಅತಿಥಿಗೆ ಒಂದೇ ಒಂದು ಮಗುವಿನ ಈ ಸರದಿಯನ್ನೂ ಪೂರೈಸಲಾಗದು!

ಹಳ್ಳಿಯ ಆರೋಗ್ಯ ನಿಂತಿರುವುದು ಬಂದವರಿಂದಲ್ಲ, ಮರಳಿ ಬರುವವರಿಂದ. ಬಯಲುಸೀಮೆಯಲ್ಲಿ ೫,೦೦೦ ಜನರಿಗೊಂದು ಉಪಕೇಂದ್ರ, ಸುಮಾರು ೧,೦೦೦ ಜನರಿಗೊಬ್ಬ ಆಶಾ ಎಂಬ ಸರ್ಕಾರದ ಅಳತೆಯ ಹಿಂದಿರುವ ತತ್ತ್ವವೂ ಇದೇ. ೨೦೨೩ರಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ನಡೆಯುತ್ತಿದ್ದ ಭ್ರೂಣಲಿಂಗ ಪತ್ತೆಯ ದಂಧೆ ಬಯಲಾಗಿ ನಾಡೇ ತಲೆ ತಗ್ಗಿಸಿತು. ಬೆಲ್ಲ ಬೇಯುವ ಕಡೆ ಹೆಣ್ಣುಕೂಸಿನ ಹಣೆಬರಹ ನಿಶ್ಚಯವಾಗುತ್ತಿತ್ತು. ಪುಸ್ತಕದಲ್ಲಿ ದಾಖಲಾದ ಬಸುರೊಂದು ಸದ್ದಿಲ್ಲದೆ ಮಾಯವಾದರೆ ಅದನ್ನು ಮೊದಲು ಅರಿಯಬಲ್ಲವಳು ಯಾರು? ಕಳೆದ ತಿಂಗಳೂ ಆ ಜಗಲಿಯ ಮೇಲೆ ಕುಳಿತು ಹೋದವಳು. ನಿನ್ನೆ ಬಂದು ನಾಳೆ ಹೊರಡುವವಳಿಗೆ ಬರಿದಾದ ಮಡಿಲು ಕಾಣುವುದಿಲ್ಲ.

ಈ ಚಿತ್ರಕ್ಕೆ ಮತ್ತೊಂದು ಮಗ್ಗುಲುಂಟು. ಹೊರನಾಡಿನವರು ಇಲ್ಲಿಗೆ ಕಲಿಯಲು ಬರುತ್ತಿರುವಾಗ ನಮ್ಮ ಶುಶ್ರೂಷಕಿಯರು ಕೊಲ್ಲಿ ದೇಶಗಳಿಗೂ ಇಂಗ್ಲೆಂಡಿಗೂ ಐರ್ಲೆಂಡಿಗೂ ದುಡಿಯಲು ಹೋಗುತ್ತಿದ್ದಾರೆ. ಮನೆಯ ಸಾಲ ತೀರಿಸಿ ತಮ್ಮಂದಿರನ್ನು ಓದಿಸುವ ಹೆಣ್ಣುಮಗಳನ್ನು ದೂಷಿಸಲು ಯಾರಿಗೆ ಅಧಿಕಾರವಿದೆ? ಹಳ್ಳಿಯಲ್ಲೇ ನಿಂತವಳಿಗೆ ತಕ್ಕ ಸಂಬಳ, ವಾಸಕ್ಕೊಂದು ಮನೆ, ರಾತ್ರಿಯ ಕರೆಗೆ ವಾಹನ ಇವುಗಳನ್ನು ಒದಗಿಸದೆ ತ್ಯಾಗದ ಉಪದೇಶ ಮಾಡುವುದು ಸುಲಭ.

ಹಾಗಾದರೆ ಅತಿಥಿಗಳು ಬರಬಾರದೆ? ಖಂಡಿತ ಬರಲಿ. ಊರಿನ ದಾದಿಯ ಮುಂದೆ ನಡೆಯದೆ ಅವಳ ಹಿಂದೆ ನಡೆಯಲಿ. ತಮ್ಮ ದೇಶದಲ್ಲಿ ಮಾಡಲು ಅನುಮತಿಯಿಲ್ಲದ ಚಿಕಿತ್ಸೆಯನ್ನು ಇಲ್ಲಿಯೂ ಮಾಡದಿರಲಿ. ಕಂಡದ್ದನ್ನು ಉಪಕೇಂದ್ರದ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಸಿಟ್ಟು ಹೋಗಲಿ. ಮುಂದಿನ ಬಾರಿ ಆ ಮನೆಯ ಕದ ತಟ್ಟುವವಳಿಗೆ ಛಾಯಾಚಿತ್ರಗಳಿಗಿಂತ ಆ ನಾಲ್ಕು ಸಾಲುಗಳೇ ಹೆಚ್ಚು ಉಪಯುಕ್ತ.